ಇಳಿತದ ಹೊತ್ತಿನ ಅಘನಾಶಿನಿ

ಗೋಕರ್ಣಕ್ಕೆ ಬಂದವರ ಮುಖ ಯಾವಾಗಲೂ ಪಡುವಣಕ್ಕೆ. ಮಹಾಬಲೇಶ್ವರನ ದರ್ಶನ, ಕುಡ್ಲೆ ಬೀಚು, ಓಂ ಬೀಚು, ಸೂರ್ಯಾಸ್ತ, ಸೆಲ್ಫಿ. ಅಲ್ಲಿಗೆ ಯಾತ್ರೆ ಮುಗಿಯಿತು. ಊರಿಗೆ ಬೆನ್ನು ಹಾಕಿ ತದಡಿ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಅಘನಾಶಿನಿ ಅಳಿವೆಯ ಕಡೆ ಹೊರಳುವವರು ಕಡಿಮೆ. ಹೊರಳಿದವರೂ ನೀರು ತುಂಬಿದ ಹೊತ್ತಿಗೆ ಬಂದು, ‘ಹೊಳೆ ಚೆಂದ ಉಂಟು’ ಎಂದು ತಲೆಯಾಡಿಸಿ ಹೋಗುತ್ತಾರೆ. ಆರು ತಾಸು ತಡವಾಗಿ ಬಂದಿದ್ದರೆ ಅದೇ ಜಾಗದಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರು. ಪ್ರವಾಸಿ ಮೂಗು ಮುರಿಯುವುದು ಆಗಲೇ. ಅಳಿವೆಯ ಒಳಗುಟ್ಟು ಬಯಲಾಗುವುದೂ ಆಗಲೇ.

ಈ ಬಯಲನ್ನು ನೋಡಲು ಟಿಕೆಟ್ ಬೇಡ, ಪಂಚಾಂಗ ಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಗೆ ಬಂದು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಕಾರವಾರ, ಕುಮಟಾ ಕಡೆ ಆಗಿನ ಅಂತರ ಸುಮಾರು 2 ಮೀಟರ್. ಅಷ್ಟಮಿಯ ಹೊತ್ತಿಗೆ ಅದು ಅರ್ಧಕ್ಕೆ ಬಂದಿರುತ್ತದೆ. ಗುಜರಾತಿನ ಭಾವನಗರದಲ್ಲಿ ಸಮುದ್ರ 10 ಮೀಟರಿನಷ್ಟು ಏರಿಳಿಯುವುದನ್ನು ಕಂಡವರಿಗೆ ಈ ಎರಡು ಮೀಟರ್ ಏನೂ ಅಲ್ಲ. ಆದರೆ ಅಳಿವೆಯ ನೆಲ ಎಷ್ಟು ಚಪ್ಪಟೆ ಎಂದರೆ, ಒಂದು ಆಳುದ್ದ ನೀರು ಸರಿದರೂ ಸಾಕು, ದೋಣಿ ಹೋಗುತ್ತಿದ್ದ ಕಡೆ ಜನ ನಡೆಯುತ್ತಾರೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಇಂದು ಬೆಳಿಗ್ಗೆ ಏಳಕ್ಕೆ ಬಯಲಾದ ಕೆಸರು ನಾಳೆ ಎಂಟರ ಹತ್ತಿರಕ್ಕೆ ಜಾರುತ್ತದೆ, ವಾರ ಕಳೆದರೆ ನಡುಹಗಲಿಗೆ. ಆಫೀಸಿನ ಗಡಿಯಾರಕ್ಕೆ ಒಗ್ಗಿದವರಿಗೆ ಈ ಲೆಕ್ಕ ಕಿರಿಕಿರಿ. ಹೊಳೆಬದಿಯವರು ತಿಥಿ ಕೇಳಿ ಹೊತ್ತು ಹೇಳಿಬಿಡುತ್ತಾರೆ.

ಕೆಸರು ಬಂದದ್ದೆಲ್ಲಿಂದ? ಶಿರಸಿಯ ಆಸುಪಾಸಿನ ಕಾಡಿನಿಂದ. ಅಲ್ಲಿ ಹುಟ್ಟಿದ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಘಟ್ಟವಿಳಿದು, ದೀವಗಿ, ಮಿರ್ಜಾನ್ ದಾಟಿ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಹೊತ್ತು ತಂದ ಜೇಡಿ ಎಷ್ಟು ನಯವೆಂದರೆ ಸಿಹಿನೀರಿನಲ್ಲಿ ತಳ ಕಾಣದೆ ತೇಲುತ್ತಲೇ ಇರುತ್ತದೆ. ಉಪ್ಪುನೀರು ತಾಗಿದೊಡನೆ ಕಣಕಣ ಒಂದಕ್ಕೊಂದು ಅಂಟಿ, ಭಾರವಾಗಿ ಕೂರುತ್ತದೆ. ಹೊಳೆಯೂ ಕಡಲೂ ಕೂಡುವ ಜಾಗದಲ್ಲೇ ಕೆಸರು ಹರಡಿಕೊಳ್ಳುವುದಕ್ಕೆ ಇದೇ ಕಾರಣ. ಮಿರ್ಜಾನಿನ ಕೋಟೆಗೆ ಹೋಗುವವರು ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಥೆ ಕೇಳಿ ಬರುತ್ತಾರೆ. ಆ ಮೆಣಸು ಕಡಲಿಗಿಳಿದ ದಾರಿಯೂ ಇದೇ ಹೊಳೆ.

ದೂರದಿಂದ ಸತ್ತಂತೆ ಕಾಣುವ ಬಯಲಿನ ಅಂಚಿನಲ್ಲಿ ಹತ್ತು ನಿಮಿಷ ಅಲುಗದೆ ಕುಳಿತರೆ ನೆಲ ಕೈಬೀಸತೊಡಗುತ್ತದೆ. ಬೀಸುವವರು ಫಿಡ್ಲರ್ ಏಡಿಗಳು. ಗಂಡಿಗೆ ಒಂದು ಕೊಂಬು ಮಾತ್ರ ಮೈಯನ್ನೇ ಮೀರಿಸುವಂತೆ ಬೆಳೆದಿರುತ್ತದೆ. ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯಬಹುದು, ಇನ್ನೊಂದು ಗಂಡನ್ನು ಬೆದರಿಸಬಹುದು; ಊಟಕ್ಕೆ ಮಾತ್ರ ಅದು ಉಪಯೋಗವಿಲ್ಲ. ಹೆಣ್ಣು ಎರಡೂ ಕೈಯಲ್ಲಿ ಕೆಸರು ಬಾಯಿಗಿಡುವಾಗ ಗಂಡು ಒಂದು ಸಣ್ಣ ಕೈಯನ್ನೇ ನಂಬಿಕೊಂಡಿರಬೇಕು. ಡೌಲಿಗೆ ತೆರಬೇಕಾದ ಬೆಲೆ. ನೆಲದ ಮೇಲ್ಪದರದ ಪಾಚಿ, ಕೊಳೆತ ಎಲೆಯ ಚೂರುಗಳನ್ನು ಬಾಯಲ್ಲೇ ಸೋಸಿ, ಉಳಿದ ಮಣ್ಣನ್ನು ಉಂಡೆ ಮಾಡಿ ಹೊರಗಿಡುತ್ತವೆ. ನೀರು ಹತ್ತುವ ಮುನ್ನ ಬಿಲಕ್ಕಿಳಿದು ಬಾಯಿಗೆ ಕೆಸರಿನ ಬಿರಡೆ ಹಾಕಿಕೊಂಡರೆ ಮುಂದಿನ ಇಳಿತದವರೆಗೆ ಮನೆ ಬಂದ್.

ಅವುಗಳ ನಡುವೆ ತೆವಳಿ, ಕುಪ್ಪಳಿಸಿ ಓಡಾಡುವುದು ಮಡ್‌ಸ್ಕಿಪ್ಪರ್. ಹೆಸರಿಗೆ ಮೀನು, ಬಾಳು ಅರ್ಧ ನೆಲದ್ದು. ಕಿವಿರಿನ ಗೂಡಿನಲ್ಲಿ ಸ್ವಲ್ಪ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡುತ್ತ, ನೆತ್ತಿಯ ಮೇಲೆ ಎದ್ದು ನಿಂತ ಕಣ್ಣುಗಳಿಂದ ಸುತ್ತ ನೋಡುತ್ತಿರುತ್ತದೆ. ಚರ್ಮ ಒಣಗಿದಂತೆನಿಸಿದರೆ ಗುಂಡಿಯಲ್ಲಿ ಒಂದು ಹೊರಳು. ಮೀನು ನೀರು ಬಿಟ್ಟರೆ ಸತ್ತಿತು ಎಂದು ಶಾಲೆಯಲ್ಲಿ ಕಲಿತು ಬಂದ ಮಕ್ಕಳನ್ನು ಇಲ್ಲಿ ತಪ್ಪದೆ ಕರೆತರಬೇಕು.

ಹಕ್ಕಿಗಳಿಗೆ ಇದು ಚಳಿಗಾಲದ ಊಟದ ಮನೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಂದಿಳಿದು ಏಪ್ರಿಲ್ ಒಳಗೆ ಹೊರಟುಬಿಡುವ ಪ್ಲೋವರ್‌ಗಳು, ಗೊರವಗಳು ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಮೇಯುತ್ತವೆ. ಗುಟ್ಟಿರುವುದು ಕೊಕ್ಕಿನ ಉದ್ದದಲ್ಲಿ. ಗಿಡ್ಡ ಕೊಕ್ಕಿನ ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ನಿಂತು, ಮೇಲ್ಮೈಯಲ್ಲಿ ಕಂಡದ್ದನ್ನು ಹೆಕ್ಕುತ್ತದೆ. ಕುಡುಗೋಲಿನಂತೆ ಬಾಗಿದ ಕೊಕ್ಕಿನ ಕರ್ಲ್ಯೂ ಬಿಲದೊಳಕ್ಕೇ ಕೈಹಾಕಿ ಏಡಿ, ಹುಳು ಎಳೆಯುತ್ತದೆ. ಲಡಾಖ್, ಟಿಬೆಟ್ಟಿನ ಎತ್ತರದಲ್ಲಿ ಮರಿ ಮಾಡುವ ಜಾತಿಯ ಹಕ್ಕಿಯೂ ಈ ಗುಂಪಿನಲ್ಲಿದೆ. ಮೇಲೆ ಗರುಡ ಸುತ್ತು ಹಾಕಿದರೆ ಸಾಲು ಪೂರ್ತಿ ಒಮ್ಮೆಲೇ ಎದ್ದು, ಹೊರಳಿ, ಇನ್ನೊಂದು ಕಡೆ ಕೂರುತ್ತದೆ.

ಇನ್ನು ಮನುಷ್ಯರು. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ಹೆಂಗಸರು ಸಾಲುಗಟ್ಟುತ್ತಾರೆ. ಪಕ್ಕದಲ್ಲಿ ತೇಲುವ ಪಾತ್ರೆ, ಕಾಲ್ಬೆರಳು ಮತ್ತು ಕೈಬೆರಳುಗಳ ಕೆಳಗೆ ಬಳಚು ಎಂಬ ಚಿಪ್ಪಿಜೀವಿ. ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ಕಲ್ಲು ಯಾವುದು, ಸತ್ತ ಚಿಪ್ಪು ಯಾವುದು, ಜೀವವಿರುವ ಚಿಪ್ಪು ಯಾವುದು ಎಂದು ಪಾದವೇ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ಅಂದಾಜಿನಂತೆ ಈ ಅಳಿವೆಯಿಂದ ವರ್ಷಕ್ಕೆ 22,006 ಟನ್ ಚಿಪ್ಪಿಜೀವಿಗಳು ಹೊರಬರುತ್ತಿದ್ದವು. ವಹಿವಾಟು 5.78 ಕೋಟಿ ರೂಪಾಯಿ, ಅದನ್ನು ನೆಚ್ಚಿದವರು 2,347 ಜನ. ಒಂದು ಭಾಗ ಊರಿನ ಸುಕ್ಕಕ್ಕೆ, ಇನ್ನೊಂದು ಭಾಗ ಗೋವಾದ ಪೇಟೆಗೆ. ತಿಂದುಳಿದ ಚಿಪ್ಪು ಸುಣ್ಣವಾಗುತ್ತದೆ. ನೆಲದ ಪತ್ರವಿಲ್ಲ, ಬಂಡವಾಳವಿಲ್ಲ, ಬೇಕಾದದ್ದು ಇಳಿತ ಮತ್ತು ಬೆನ್ನು. ಬೆನ್ನಿನ ನೋವು ಆ ಅಂದಾಜಿನಲ್ಲಿ ಸೇರಿಲ್ಲ.

ಬಳಚು ಇಲ್ಲಿ ಇಷ್ಟು ಏಕೆ ಎಂಬ ಪ್ರಶ್ನೆಗೆ ಉತ್ತರ ಪಕ್ಕದ ಹೊಳೆಯಲ್ಲಿದೆ. ಹೊನ್ನಾವರದ ಶರಾವತಿ ಅಳಿವೆಯೂ ದೊಡ್ಡದೇ, ಚೆಲುವಿನದೇ. ಆದರೆ ಲಿಂಗನಮಕ್ಕಿ ಅಣೆಕಟ್ಟೆಯ ನೀರು ವಿದ್ಯುತ್ ಕೊಟ್ಟು ಬೇಸಿಗೆಯಲ್ಲೂ ಕೆಳಗೆ ಹರಿದುಬರುವುದರಿಂದ ಅಲ್ಲಿ ಉಪ್ಪು ತೆಳುವಾಗಿಬಿಟ್ಟಿದೆ, ಚಿಪ್ಪಿಯ ಜಾತಿಗಳು ಕುಗ್ಗಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಹಳೆಯ ಸರದಿ ಇಲ್ಲಿ ಇನ್ನೂ ನಡೆದಿದೆ. ಅಣೆಕಟ್ಟೆಯ ಚರ್ಚೆಗಳಲ್ಲಿ ಮುಳುಗುವ ಕಾಡಿನ ಮಾತು ಬರುತ್ತದೆ, ಮುಳುಗುವ ಊರಿನ ಮಾತು ಬರುತ್ತದೆ. ಕೆಳಗೆ ಅಳಿವೆಯಲ್ಲಿನ ಉಪ್ಪಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬರಬೇಕಿತ್ತು.

ಆ ಸರದಿಯನ್ನೇ ನಂಬಿದ ಬೇಸಾಯವೂ ಇಲ್ಲಿದೆ. ಅಳಿವೆಯ ಪಕ್ಕದ ತಗ್ಗುಭೂಮಿಗೆ ಗಜನಿ ಎನ್ನುತ್ತಾರೆ. ಕಟ್ಟೆ ಕಟ್ಟಿ, ತೂಬಿಗೆ ಹಲಗೆ ಇಟ್ಟು, ಮಳೆಯ ನೀರಿನಿಂದ ಮಣ್ಣಿನ ಉಪ್ಪು ತೊಳೆದು ಬಿತ್ತುವ ಭತ್ತ ಕಗ್ಗ. ಆಳೆತ್ತರ ಬೆಳೆಯುತ್ತದೆ, ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರದ ಗೊಡವೆಯಿಲ್ಲ, ಹೊಳೆಯೇ ತಂದು ಹಾಕುತ್ತದೆ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ದಂಟು ಅಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಬಿಟ್ಟರೆ ಆ ದಂಟಿನ ಸಂದಿಯಲ್ಲಿ ಸೀಗಡಿ, ಮೀನು ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. ಸೀಗಡಿಗೆ ಬೆಲೆ ಬಂದ ಮೇಲೆ ಅನ್ನ ಹಿಂದೆ ಬಿತ್ತು, ಎಷ್ಟೋ ಗಜನಿಗಳು ಬೇಸಾಯ ಕಾಣದೆ ಉಳಿದವು. ಮಾಣಿಕಟ್ಟಾದ ರೈತರು ಮಾತ್ರ ಕಗ್ಗ ಬಿಡದೆ ಒಟ್ಟಾಗಿ ಬೆಳೆಯುತ್ತ ಬಂದಿದ್ದಾರೆ. ಇದೇ ಅಳಿವೆಯ ಬದಿಯಲ್ಲಿ ಸಾಣಿಕಟ್ಟಾದ ಆಗರಗಳು. ಅದೇ ನೀರು ಬೇಸಿಗೆಯ ಬಿಸಿಲಿಗೆ ಉಪ್ಪಿನ ರಾಶಿಯಾಗುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆ ಒಂದು ಮಾತು. ಉಸಿರುಗಟ್ಟುವ ಕೆಸರಿನಲ್ಲಿ ಬದುಕಲು ಒಂದು ಜಾತಿ ಕಮಾನಿನಂಥ ಊರುಗಾಲು ಬೇರುಗಳನ್ನು ಇಳಿಬಿಡುತ್ತದೆ, ಇನ್ನೊಂದು ನೆಲದಿಂದ ಮೇಲಕ್ಕೆ ಪೆನ್ಸಿಲಿನಷ್ಟು ದಪ್ಪದ ಉಸಿರುಬೇರುಗಳನ್ನು ಚಾಚುತ್ತದೆ. ಊರುಗಾಲಿನ ಕಾಂಡ್ಲಾದ ಬೀಜ ಮರದ ಮೇಲೇ ಮೊಳೆತು ಕೋಲಾಗಿ, ಆಮೇಲೆ ಕಳಚಿ ಬೀಳುತ್ತದೆ. ಕೆಸರಿಗೆ ನಾಟಿಕೊಂಡರೆ ಅಲ್ಲೇ ಸಂಸಾರ, ನೀರಿಗೆ ಬಿದ್ದರೆ ತೇಲಿ ಇನ್ನೊಂದು ದಂಡೆ. ಅರಣ್ಯ ಇಲಾಖೆ ಇವನ್ನು ನೆಡಿಸುತ್ತಲೂ ಬಂದಿದೆ. ಒಳ್ಳೆಯದೇ. ಆದರೆ ಖಾಲಿ ಕಂಡ ಕೆಸರಿಗೆಲ್ಲ ಗಿಡ ತುಂಬಿದರೆ ಬಯಲಲ್ಲಿ ಮೇಯುವ ಕರ್ಲ್ಯೂ ಎಲ್ಲಿಗೆ ಹೋಗಬೇಕು, ಬಳಚು ಹೆಕ್ಕುವವಳು ಎಲ್ಲಿ ಇಳಿಯಬೇಕು? ಹಸಿರಿಲ್ಲದ ಜಾಗವೆಲ್ಲ ಪಾಳು ಎಂಬ ಎಣಿಕೆ ಘಟ್ಟದ ಮೇಲೆ ಹೇಗೋ, ಇಲ್ಲಂತೂ ಸಲ್ಲದು.

ಪಾಳು ಎಂದುಕೊಂಡವರು ಹಿಂದೆಯೂ ಇದ್ದರು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು, ಜನರ ವಿರೋಧದ ಮುಂದೆ ನಿಲ್ಲಲಿಲ್ಲ. ಬಂದರಿನ ಯೋಜನೆಗಳೂ ಆಗಾಗ ಕಾಗದದ ಮೇಲೆ ತಲೆಯೆತ್ತಿವೆ. ಕೊನೆಗೆ 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ನೋಡಬೇಕೆನ್ನುವವರು ಮಳೆ ಕಳೆದ ಮೇಲೆ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಚೀಚೆಯ ದಿನ, ನೀರು ಇಳಿಯತೊಡಗುವ ಹೊತ್ತಿಗೇ ಬಂದು ದಂಡೆಯಲ್ಲಿ ನಿಂತಿರುವುದು ಮೇಲು. ತದಡಿಯಿಂದ ಅಘನಾಶಿನಿ ಊರಿಗೆ ದಾಟಿಸುವ ಬಾರ್ಜಿನ ಮೇಲಿಂದ ಎರಡೂ ದಡ ಕಾಣುತ್ತವೆ. ಕೆಸರಿಗಿಳಿಯುವವರಿಗೆ ಸ್ಥಳೀಯರ ಜೊತೆ ಬೇಕು. ಚಪ್ಪಲಿಯನ್ನು ಮಣ್ಣು ಕಿತ್ತುಕೊಳ್ಳುತ್ತದೆ, ಬರಿಗಾಲನ್ನು ಕಲ್ಲಿಗಂಟಿದ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಉಬ್ಬರದ ನೀರು ಎದುರಿನಿಂದಲೇ ಬರುತ್ತದೆ ಎಂದು ಕಾಯುತ್ತ ನಿಲ್ಲುವುದೂ ಸರಿಯಲ್ಲ. ಅದು ಮೊದಲು ತುಂಬುವುದು ಸಣ್ಣ ಕೋಡಿಗಳನ್ನು, ಅವು ಇರುವುದು ಎಷ್ಟೋ ಸಲ ಬೆನ್ನ ಹಿಂದೆ. ಆದ್ದರಿಂದ ಹೆಂಗಸರು ಪಾತ್ರೆ ಎತ್ತಿಕೊಂಡು ದಂಡೆಯ ಕಡೆ ತಿರುಗಿದರೆಂದರೆ, ಕ್ಯಾಮೆರಾ ಚೀಲಕ್ಕೆ ಹಾಕಿ ಅವರ ಹಿಂದೆಯೇ ನಡೆಯಬೇಕು.