ಸುಲ್ತಾನನ ಅರವತ್ತೈದು ನಡೆಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಕ್ರಿಸ್‌ಮಸ್ ಹಬ್ಬದ ಬೆನ್ನಿಗೇ ಚದುರಂಗದ ಪಂದ್ಯಾವಳಿ ನಡೆಯುವುದು ರೂಢಿ. ೧೯೩೦ರ ಕೊನೆಯಲ್ಲಿ ಮೊದಲಾಗಿ ೧೯೩೧ರ ಆರಂಭದಲ್ಲಿ ಮುಗಿದ ಪಂದ್ಯಾವಳಿಗೆ ಕ್ಯೂಬಾದ ಕಾಪಬ್ಲಾಂಕ ಬಂದಿದ್ದನು. ೧೯೨೧ರಿಂದ ೧೯೨೭ರವರೆಗೆ ಜಗತ್ತಿನ ಚಾಂಪಿಯನ್ ಪಟ್ಟ ಅವನದಾಗಿತ್ತು. ೧೯೧೬ರಿಂದ ೧೯೨೪ರವರೆಗೆ, ಎಂಟು ವರ್ಷಗಳ ಕಾಲ, ಪಂದ್ಯದಲ್ಲಿ ಅವನನ್ನು ಸೋಲಿಸಿದವರೇ ಇರಲಿಲ್ಲ. ಅಂಥವನ ಇದಿರು ಬಿಳಿಯ ಕಾಯಿಗಳನ್ನು ಹಿಡಿದು ಕುಳಿತವನು ಪಂಜಾಬಿನ ಒಬ್ಬ ರುಮಾಲಿನ ತರುಣ. ಹೆಸರು ಮೀರ್ ಸುಲ್ತಾನ್ ಖಾನ್.

ಹೆಸರು ಸುಲ್ತಾನನದಾದರೂ ಆತನು ಇಂಗ್ಲೆಂಡಿಗೆ ಬಂದುದು ಇನ್ನೊಬ್ಬರ ಪರಿವಾರದಲ್ಲಿ. ಸರ್ ಉಮರ್ ಹಯಾತ್ ಖಾನ್ ಟಿವಾನರೆಂಬ ದೊಡ್ಡ ಜಮೀನ್ದಾರರಿಗೆ ಚದುರಂಗದ ಹುಚ್ಚು. ಅವರ ಆಶ್ರಯದಲ್ಲಿ ಬೆಳೆದ ಸುಲ್ತಾನ್ ಖಾನ್ ೧೯೨೮ರಲ್ಲಿ ಅಖಿಲ ಭಾರತ ಪಂದ್ಯವನ್ನು ಗೆದ್ದನು; ಮರುವರ್ಷ ಒಡೆಯನೊಡನೆ ಹಡಗು ಹತ್ತಿದನು. ಚದುರಂಗವಾಡಿ ಹೊಟ್ಟೆ ಹೊರೆದವನಲ್ಲ ಆತ. ಒಡೆಯನು ಆಡೆಂದಾಗ ಆಡಿದನು, ಹೊರಡೆಂದಾಗ ಹೊರಟನು.

ಆತನು ಬಾಲ್ಯದಲ್ಲಿ ತಂದೆಯಿಂದ ಕಲಿತುದು ನಮ್ಮ ದೇಶದ ಹಳೆಯ ಆಟ. ಆ ಆಟದಲ್ಲಿ ಕಾಲಾಳು ಮೊದಲ ಹೆಜ್ಜೆಯಲ್ಲಿಯೂ ಒಂದೇ ಮನೆ ನಡೆಯಬೇಕು. ರಾಜನಿಗೆ ಕೋಟೆ ಕಟ್ಟಿಕೊಳ್ಳುವ ಸೌಕರ್ಯವಿಲ್ಲ. ಅದರ ಬದಲು ಒಂದು ಸಲ ಕುದುರೆಯಂತೆ ನೆಗೆಯಬಹುದು. ಪಟದ ತುದಿ ಮುಟ್ಟಿದ ಕಾಲಾಳು ಬೇಕೆಂದಂತೆ ರಾಣಿಯಾಗಲಾರದು. ಯಾವ ಸಾಲಿನಲ್ಲಿ ತುದಿ ಸೇರಿತೋ ಆ ಸಾಲಿನ ಕಾಯಿಯಾಗಬೇಕು. ನಮ್ಮ ಜಗಲಿಗಳ ಮೇಲೆ ಹಿರಿಯರು ಆಡುವುದನ್ನು ನೋಡಿದ ಓದುಗರಿಗೆ ಈ ಕಟ್ಟಳೆಗಳು ಹೊಸವಲ್ಲ. ಇಂಥ ಆಟದಲ್ಲಿ ಕಾಳಗ ಮೆಲ್ಲಗೆ ಹತ್ತಿಕೊಳ್ಳುತ್ತದೆ. ತಾಳ್ಮೆಯಿಲ್ಲದವನಿಗೆ ಅಲ್ಲಿ ಠಾವಿಲ್ಲ. ಯೂರೋಪಿನ ಆಟಗಾರರೋ ಮೊದಲ ಹತ್ತು ಹನ್ನೆರಡು ನಡೆಗಳನ್ನು ಪುಸ್ತಕಗಳಿಂದ ಉರುಹೊಡೆದು ಬರುವವರು. ವಿಂಟರ್, ಯೇಟ್ಸ್ ಎಂಬ ಆಂಗ್ಲ ಆಟಗಾರರು ಸುಲ್ತಾನನಿಗೆ ಆ ವಿದ್ಯೆಯನ್ನು ಕೆಲಮಟ್ಟಿಗೆ ಹೇಳಿಕೊಟ್ಟರು. ಅಷ್ಟರ ಬಲದಿಂದಲೇ ಆತನು ೧೯೨೯ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ಆ ದೇಶದ ಚಳಿ ಮಾತ್ರ ಆತನಿಗೆ ಒಗ್ಗಲೇ ಇಲ್ಲ. ಮಲೇರಿಯಾ, ನೆಗಡಿ, ಗಂಟಲುನೋವುಗಳು ಬೆನ್ನು ಬಿಡಲಿಲ್ಲ.

ಹೇಸ್ಟಿಂಗ್ಸಿನ ಆ ಆಟದಲ್ಲಿ ಕಾಪಬ್ಲಾಂಕನು ರೂಢಿಯಂತೆ ಕೋಟೆ ಕಟ್ಟಿಕೊಂಡನು. ಸುಲ್ತಾನನು ಕಟ್ಟಲಿಲ್ಲ, ರಾಜನನ್ನು ನಡುವಿನಲ್ಲಿಯೇ ನಿಲ್ಲಿಸಿ, ಅಂಚಿನ ಕಾಲಾಳುಗಳನ್ನು ಮುಂದೊತ್ತಿದನು. ಇಪ್ಪತ್ತೊಂದನೆಯ ನಡೆಯಲ್ಲಿ ಕಾಪಬ್ಲಾಂಕನ ಆನೆ ಬಿಳಿಯ ದಳದೊಳಕ್ಕೆ ನುಗ್ಗಿ ಚೆಕ್ ಕೊಟ್ಟಿತು. ಇನ್ನೊಬ್ಬನಾಗಿದ್ದರೆ ಎದೆಗುಂದುತ್ತಿದ್ದನೇನೋ. ಸುಲ್ತಾನನು ರಾಜನನ್ನು ಒಂದು ಮನೆ ಮುಂದಕ್ಕೆ ಸರಿಸಿದನು. ಎರಡನೆಯ ಆನೆಯೂ ಬಂದು ಚೆಕ್ ಕೊಟ್ಟಾಗ ತನ್ನ ರಾಣಿಯನ್ನು, ನಮ್ಮವರು ಮಂತ್ರಿ ಎನ್ನುವ ಕಾಯನ್ನು, ಕೊಟ್ಟು ಆ ಎರಡು ಆನೆಗಳನ್ನೂ ತೆಗೆದುಕೊಂಡನು. ಕಾಪಬ್ಲಾಂಕನಿಗೆ ರಾಣಿ ಉಳಿಯಿತು. ಆದರೆ ಕಾಲಾಳುಗಳು ಒಂದಕ್ಕೊಂದು ಅಡ್ಡ ನಿಂತು ದಾರಿಗಳೆಲ್ಲ ಮುಚ್ಚಿದ್ದ ಪಟದಲ್ಲಿ ಒಂಟಿ ರಾಣಿಯ ಓಡಾಟಕ್ಕೆ ಫಲ ಕಡಿಮೆ. ಜೊತೆಗೂಡಿದ ಎರಡು ಆನೆಗಳ ಬಲ ಬೆಳೆಯುತ್ತ ಹೋಯಿತು. ಸುಲ್ತಾನನಿಗೆ ಅವಸರವಿರಲಿಲ್ಲ. ಅಲ್ಲಿಂದ ಮುಂದೆ ನಾಲ್ವತ್ತು ನಡೆಗಳಷ್ಟು ಕಾಲ, ಒಂದು ಮನೆಯನ್ನೂ ಬಿಟ್ಟುಕೊಡದೆ, ಎದುರಾಳಿಯ ಉಸಿರನ್ನು ಬಿಗಿಹಿಡಿಯುತ್ತ ಬಂದನು. ಅರವತ್ತೈದನೆಯ ನಡೆಗೆ ಕಾಪಬ್ಲಾಂಕನು ಸೋಲೊಪ್ಪಿಕೊಂಡನು.

ಒಂದು ಬೆರಗಿನ ಹೊಡೆತದಿಂದ ಬಂದ ಗೆಲುವನ್ನು ಅದೃಷ್ಟವೆನ್ನಬಹುದು. ಅರವತ್ತೈದು ನಡೆಗಳ ಗೆಲುವಿಗೆ ಆ ಮಾತು ಸಲ್ಲದು. ಸೋತವನೇ ಮುಂದೆ ಈ ತರುಣನ ಪ್ರತಿಭೆ ಅಸಾಧಾರಣವಾದುದೆಂದು ಬರೆದನು. ಆ ಪಂದ್ಯಾವಳಿಯಲ್ಲಿ ಹಾಲೆಂಡಿನ ಅಯ್ವೆ ಮೊದಲಿಗನಾದನು, ಕಾಪಬ್ಲಾಂಕ ಎರಡನೆಯವನು, ಸುಲ್ತಾನನು ಮೂರನೆಯವನು.

೧೯೩೨ರಲ್ಲಿಯೂ ೧೯೩೩ರಲ್ಲಿಯೂ ಬ್ರಿಟಿಷ್ ಪಟ್ಟ ಮತ್ತೆ ಆತನಿಗೇ ಬಂದಿತು. ೧೯೩೩ರಲ್ಲಿ ಅದೇ ಪರಿವಾರದ ಮಿಸ್ ಫಾತಿಮಾ ಹೆಂಗಸರ ಪಟ್ಟವನ್ನು ಗೆದ್ದಳು. ಆ ಕಾಲದಲ್ಲಿಯೇ ಉಮರ್ ಹಯಾತ್ ಖಾನರ ಮನೆಗೆ ಊಟಕ್ಕೆ ಹೋದ ಅಮೆರಿಕದ ಆಟಗಾರ ರೂಬೆನ್ ಫೈನ್, ಚಾಂಪಿಯನ್ನನೇ ತಮಗೆ ಬಡಿಸಲು ನಿಂತುದನ್ನು ಕಂಡು ನಾಚಿದೆವೆಂದು ಬರೆದಿದ್ದಾನೆ. ಸುಲ್ತಾನನ ವಂಶದವರು ‘ಸೇವಕ’ನೆಂಬ ಮಾತನ್ನು ಒಪ್ಪುವುದಿಲ್ಲ, ತಮ್ಮದು ಭೂಮಿಕಾಣಿಯುಳ್ಳ ಮನೆತನವೆನ್ನುತ್ತಾರೆ. ಅತಿಥಿಗೆ ಬಡಿಸುವುದು ನಮ್ಮಲ್ಲಿ ಕೀಳಲ್ಲವೆಂಬುದು ಪರದೇಶಿಯ ಕಣ್ಣಿಗೆ ತೋರದೆ ಹೋಗಿದ್ದರೂ ಆಶ್ಚರ್ಯವಿಲ್ಲ. ಆದರೆ ಆಡುವುದೂ ಬಿಡುವುದೂ ಆತನ ಕೈಯಲ್ಲಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ೧೯೩೩ರ ಕೊನೆಗೆ ಒಡೆಯನು ಸ್ವದೇಶಕ್ಕೆ ಹೊರಟನು, ಸುಲ್ತಾನನೂ ಹೊರಟನು. ಯೂರೋಪಿನ ಪಂದ್ಯಗಳು ಆತನನ್ನು ಮತ್ತೆ ಕಾಣಲಿಲ್ಲ.

ದೇಶವಿಭಜನೆಯ ತರುವಾಯ ಆತನ ಊರು ಪಾಕಿಸ್ತಾನಕ್ಕೆ ಸೇರಿತು. ಹೊಲಮನೆ ನೋಡಿಕೊಂಡು ಬಾಳಿ, ೧೯೬೬ರಲ್ಲಿ ತೀರಿಕೊಂಡನು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ೧೯೫೦ರಲ್ಲಿ ಮೊಟ್ಟಮೊದಲು ಗ್ರಾಂಡ್‌ಮಾಸ್ಟರ್ ಬಿರುದುಗಳನ್ನು ಹಂಚಿದಾಗ ಆತನು ಬದುಕಿದ್ದನು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಗೌರವದ ಗ್ರಾಂಡ್‌ಮಾಸ್ಟರ್ ಬಿರುದು ಆತನ ಹೆಸರಿಗೆ ಬಂದುದು ೨೦೨೪ರಲ್ಲಿ.