ಮೂರನೆಯ ಗುಂಡಿ

ಮನುಷ್ಯನು ಕಣ್ಣಿನಿಂದ ಮಾತ್ರ ದಾರಿ ಕಾಣುವನೆಂದು ತಿಳಿಯುವದು ಸರಿಯಲ್ಲ. ನಡುರಾತ್ರಿಯಲ್ಲಿ ನೀರಡಿಸಿ ಎದ್ದವನು ದೀಪ ಹಚ್ಚದೆಯೇ ಅಡಿಗೆಮನೆಗೆ ಹೋಗಿ, ಕೊಡದ ಮೇಲಿನ ತಂಬಿಗೆಯನ್ನು ತಡವರಿಸದೆ ಎತ್ತಿಕೊಳ್ಳುತ್ತಾನೆ. ಹೊಸ್ತಿಲು ಎಲ್ಲಿರುವದೆಂಬುದನ್ನು ಕಾಲು ಬಲ್ಲದು. ತಂಬಿಗೆ ಎಲ್ಲಿರುವದೆಂಬುದನ್ನು ಕೈ ಬಲ್ಲದು. ಈ ತಿಳಿವಳಿಕೆಗೆಲ್ಲ ಆಧಾರವಾದುದು ಒಂದೇ: ನಿನ್ನೆ ಇದ್ದ ವಸ್ತುವು ಇಂದೂ ಅಲ್ಲಿಯೇ ಇರುವದೆಂಬ ನಂಬಿಗೆ. ಆ ನಂಬಿಗೆಯು ಕೆಟ್ಟರೆ ಸ್ವಂತ ಮನೆಯಲ್ಲಿಯೂ ದಾರಿ ತಪ್ಪುತ್ತದೆ.

ಕೊಪ್ಪಳದಲ್ಲಿ ಗವಿಮಠದ ಗುಡ್ಡವು ಕಾಣುವ ಓಣಿಯೊಂದರಲ್ಲಿ ನಿವೃತ್ತರಾದ ಮಾಸ್ತರರೊಬ್ಬರು ಇರುತ್ತಾರೆ. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಶಾಲೆಗಳಲ್ಲಿ ಬಹುಕಾಲ ಗಣಿತವನ್ನು ಕಲಿಸಿದವರು. ಲೆಕ್ಕವು ತಪ್ಪಿದರೆ ಮೊದಲು ಹುಡುಗನ ಗಮನವು ತಪ್ಪಿದೆ ಎಂದು ತಿಳಿಯುವ ರೂಢಿಯು ಅವರಿಗೆ ವೃತ್ತಿಯಿಂದ ಬಂದದ್ದು. ಅವರ ತಾಯಿಗೆ ಈಗ ಎಂಬತ್ತನಾಲ್ಕು ವರ್ಷ. ಕಣ್ಣಿನ ನರಕ್ಕೆ ಒತ್ತಡ ಬಿದ್ದು ದೃಷ್ಟಿಯು ತೀರ ಮಂಜಾಗಿದೆ; ಬೆಳಕು ಯಾವದು, ನೆರಳು ಯಾವದು ಎಂಬಷ್ಟನ್ನು ಮಾತ್ರ ಅವರು ಬಲ್ಲರು. ಆದರೆ ಕಿವಿ ಚುರುಕು, ನೆನಪು ಅದಕ್ಕಿಂತ ಚುರುಕು.

ಆ ಮುದುಕಿಗೆ ಸಂಜೆಯ ದೀಪ ಹಚ್ಚಿದ ಮೇಲೆ ಒಂದು ತಾಸು ಪ್ರವಚನವನ್ನು ಕೇಳುವ ನಿಯಮ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವನ್ನು ಬಿಟ್ಟರು. ಆದರೆ ಅವರ ಶಾಂತವಾದ ಧ್ವನಿಯು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಇಂದಿಗೂ ಮೊಬೈಲುಗಳೊಳಗಿಂದ ಕೇಳಿ ಬರುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ಮೊಮ್ಮಗನು ಅಜ್ಜಿಗಾಗಿ ಒಂದು ಮೊಬೈಲನ್ನು ತಂದು, ಹಾಡು-ಪ್ರವಚನಗಳನ್ನು ಕೇಳಿಸುವ ಒಂದು ಆ್ಯಪನ್ನು ಅದರಲ್ಲಿ ಹಾಕಿ, ಬೇಕಾದ ಪ್ರವಚನಗಳನ್ನೆಲ್ಲ ಒಂದೆಡೆ ಉಳಿಸಿಟ್ಟು, ದಾರಿಯನ್ನು ಬೆರಳಿಗೆ ಕಲಿಸಿ ಹೋದನು. ಪರದೆಯ ಬಲಗಡೆಯ ತಳದ ಮೂಲೆಯಲ್ಲಿ ಒಮ್ಮೆ ಮುಟ್ಟುವದು; ಆಮೇಲೆ ತಳದ ಸಾಲಿನಲ್ಲಿ ಮೂರನೆಯ ಗುಂಡಿ; ಆಮೇಲೆ ಎಲ್ಲಕ್ಕೂ ಮೇಲಿನದು. ಮೂರು ಸಲ ಬೆರಳಿಟ್ಟರೆ ಸ್ವಾಮಿಗಳು ಮಾತನಾಡತೊಡಗುತ್ತಿದ್ದರು. ಓದು ಬರಹ ಬಾರದ ಆಕೆಯು, ತಾನು ಯಾರ ಹಂಗೂ ಇಲ್ಲದೆ ಮಾಡಿಕೊಳ್ಳುವ ಕೆಲಸಗಳಲ್ಲಿ ಇದೊಂದು ಉಳಿದಿದೆಯೆಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಸುಮಾರು ಎರಡು ವರ್ಷ ಹೀಗೆಯೇ ಸಾಗಿತು.

ಒಂದು ಸಂಜೆ ದೀಪ ಹಚ್ಚಿದ ಮೇಲೆ ದೇವರ ಕೋಣೆಯಿಂದ ಕರ್ಕಶವಾದ ಸಿನಿಮಾ ಹಾಡೊಂದು ಕೇಳಿಸಿತು. ಅದು ಮುಗಿಯುವ ಮೊದಲೇ ಯಾವನೋ ಗಹಗಹಿಸಿ ನಕ್ಕನು. ಹಿಂದೆಯೇ ಯಾರೋ ಬಿರಿಯಾನಿ ಮಾಡುವ ರೀತಿಯನ್ನು ಹೇಳತೊಡಗಿದರು. ಮಾಸ್ತರರು ಓಡಿ ಬಂದರು. ತಾಯಿಯು ಮೊಬೈಲನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕುಳಿತಿದ್ದರು.

“ಯಪ್ಪಾ, ನಾ ಮೂರನೇದನ್ನೇ ಮುಟ್ಟೀನಿ. ಏನೇನೋ ಬರಾಕ ಹತ್ತೈತಿ.”

“ಮೂರನೇದು ಮುಟ್ಟಿದ್ರ ಹಿಂಗ್ಯಾಕ ಬರತೈತವ್ವಾ? ಲಕ್ಷ್ಯ ಕೊಟ್ಟು ಮುಟ್ಟು,” ಎಂದರು ಮಾಸ್ತರರು.

ಮರುದಿನವೂ ಹಾಗೆಯೇ ಆಯಿತು. ಮಾಸ್ತರರು ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದರು. ಮೂರನೆಯ ದಿನ ದೇವರ ಕೋಣೆಯಿಂದ ಯಾವ ಸದ್ದೂ ಬರಲಿಲ್ಲ. ಕೇಳಿದರೆ ಮುದುಕಿಯು, “ಕೇಳಿದ್ದನ್ನ ಎಷ್ಟಂತ ಕೇಳೂದು, ಸಾಕಾತು,” ಎಂದರು. ನಾಲ್ಕನೆಯ ದಿನವೂ ಅದೇ ಮಾತು. ಮಗನು ಅದನ್ನು ನಿಜವೆಂದೇ ತಿಳಿದನು, ಸೊಸೆಯು ತಿಳಿಯಲಿಲ್ಲ.

ನಿಜವಾಗಿ ನಡೆದದ್ದೇನೆಂದರೆ, ಆ್ಯಪಿನ ಒಡೆಯರು ಅದರ ರೂಪವನ್ನು ಬದಲಿಸಿದ್ದರು. ಉಳಿಸಿಟ್ಟವುಗಳ ಗುಂಡಿಯು ಮೂರನೆಯ ಸ್ಥಾನದಿಂದ ಎದ್ದು, ಮೇಲೆ ಬಲಮೂಲೆಯಲ್ಲಿರುವ ಒಂದು ಸಣ್ಣ ದುಂಡು ಚಿತ್ರದ ಒಳಗೆ ಹೋಗಿ ಸೇರಿತ್ತು. ಅದರ ಜಾಗವನ್ನು ಅರ್ಧ ನಿಮಿಷದ ವಿಡಿಯೋಗಳು ಆಕ್ರಮಿಸಿಕೊಂಡಿದ್ದವು. ಮುದುಕಿಯ ಬೆರಳು ತಪ್ಪಿರಲಿಲ್ಲ. ಬೆರಳಿನ ಕೆಳಗಿನ ನೆಲವು ಸರಿದಿತ್ತು.

ಮಾಸ್ತರರಿಗೆ ಇದು ತಿಳಿದದ್ದು ಒಂದು ವಾರದ ಮೇಲೆ. ತಾವೇ ತಮ್ಮ ಮೊಬೈಲಿನಲ್ಲಿ ಒಂದು ನಾಟಕದ ಪದವನ್ನು ಹುಡುಕಹೋಗಿ ಕಾಲು ತಾಸು ಪರದಾಡಿದರು. ಕೊನೆಗೆ ಗಂಗಾವತಿಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿ ಕೇಳಿದರು. ಅವರು ತಮ್ಮ ಮೊಬೈಲನ್ನು ನೋಡಿ, “ತಳದಾಗ ಮೂರನೇದು ಐತಲ್ರೀ ಮಾಸ್ತರ, ಕಣ್ಣ ಮುಂದ ಐತಿ,” ಎಂದರು. ಮಾಸ್ತರರು ಇಲ್ಲವೆಂದರು, ಅವರು ಇದೆಯೆಂದರು. ಇಬ್ಬರೂ ಗಣಿತದವರು, ಇಬ್ಬರೂ ತಮ್ಮೆದುರಿಗೆ ಇದ್ದುದನ್ನೇ ಹೇಳುತ್ತಿದ್ದರು, ಆದರೂ ಒಬ್ಬರನ್ನೊಬ್ಬರು ಮನಸ್ಸಿನಲ್ಲಿ ದಡ್ಡರೆಂದುಕೊಂಡು ಫೋನನ್ನು ಇಟ್ಟರು. ಮೊಮ್ಮಗನನ್ನು ಕೇಳಲಾಗಿ ಅವನು ಇದರ ಗುಟ್ಟನ್ನು ಬಿಡಿಸಿದನು. ಇಂಥ ಬದಲಾವಣೆಯನ್ನು ಎಲ್ಲರಿಗೂ ಒಮ್ಮೆಲೆ ಮಾಡುವದಿಲ್ಲ. ಮೊದಲು ಕೆಲವರಿಗೆ ಹೊಸದನ್ನು ಕೊಟ್ಟು, ಉಳಿದವರಿಗೆ ಹಳೆಯದನ್ನೇ ಇಟ್ಟು, ಯಾರು ಎಷ್ಟು ಹೊತ್ತು ನೋಡಿದರು, ಎಲ್ಲಿ ಎಷ್ಟು ಸಲ ಮುಟ್ಟಿದರು ಎಂಬುದನ್ನು ಲೆಕ್ಕ ಹಾಕುತ್ತಾರಂತೆ. ಅಪ್‌ಡೇಟ್ ಮಾಡದೆ ಬಿಟ್ಟರೂ ಅನೇಕ ಸಲ ತಪ್ಪಿಸಿಕೊಳ್ಳಲಾಗುವದಿಲ್ಲ. ಏಕೆಂದರೆ ಯಾವ ಗುಂಡಿ ಎಲ್ಲಿರಬೇಕೆಂಬ ಆಜ್ಞೆಯು ದೂರದ ಯಂತ್ರದಿಂದಲೇ ಬರಬಲ್ಲದು.

“ಹಂಗಾದ್ರ ನಿಮ್ಮ ಅಮ್ಮ ತಪ್ಪಿ ಮುಟ್ಟಿದ್ದು?” ಎಂದು ಮಾಸ್ತರರು ಕೇಳಿದರು.

“ಅದೂ ಒಂದು ವಿಡಿಯೋ ನೋಡಿದ ಲೆಕ್ಕಕ್ಕ ಬಂದಿರಬಹುದಪ್ಪಾ,” ಎಂದನು ಮಗನು. ಮುದುಕಿಯು ನೊಂದು ಮುಚ್ಚಿಟ್ಟದ್ದು ಯಾವ ಲೆಕ್ಕಕ್ಕೆ ಬಂದೀತು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಆ ಹುಡುಗನು ತನ್ನ ಕಸುಬಿನವರ ಪರವಾಗಿಯೂ ನಾಲ್ಕು ಮಾತು ಆಡಿದನು, ಅವುಗಳಲ್ಲಿ ಸತ್ಯವಿಲ್ಲದಿಲ್ಲ. ಹತ್ತು ಹಾಡಿಗೆಂದು ಕಟ್ಟಿದ ಮನೆಯಲ್ಲಿ ಹತ್ತು ಸಾವಿರ ಹಾಡುಗಳನ್ನು ತುಂಬಿದರೆ ಗೋಡೆಯನ್ನು ಒಡೆಯಲೇಬೇಕಾಗುತ್ತದೆ. ಕನ್ನಡದ ಅಕ್ಷರಗಳು ಮೊಬೈಲಿನಲ್ಲಿ ಮೂಡಿದ್ದೂ ಇಂಥ ಬದಲಾವಣೆಗಳಿಂದಲೇ. ಬದಲಾವಣೆಯನ್ನೇ ಬೇಡವೆಂದರೆ ನಾವು ಇನ್ನೂ ತೊಗಲಿನ ಚೀಲದಲ್ಲಿ ನೀರು ಸೇದುತ್ತಿರಬೇಕಾಗಿತ್ತು. ಆದರೆ ಬಾವಿಯನ್ನು ರಾತ್ರಿಯಲ್ಲಿ ಸದ್ದಿಲ್ಲದೆ ಮತ್ತೊಂದು ಹೊಲಕ್ಕೆ ಸರಿಸುವದು ಬೇರೆ ಮಾತು.

ಈ ಸೀಮೆಯ ಜನರು ಬದಲಾವಣೆಗೆ ಹೊಸಬರೇನೂ ಅಲ್ಲ. ಆ ಮುದುಕಿಯ ತವರುಮನೆಯು ಇಟಗಿಯ ಹತ್ತಿರದ ಹಳ್ಳಿ. ಆಕೆ ಹುಟ್ಟಿದಾಗ ಅದು ನಿಜಾಮನ ಹೈದರಾಬಾದ ಸಂಸ್ಥಾನದಲ್ಲಿತ್ತು. ಹುಡುಗಿಯಾಗಿದ್ದಾಗ ಹೈದರಾಬಾದ ರಾಜ್ಯವಾಯಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಜಿಲ್ಲೆಯು ರಾಯಚೂರು ಇದ್ದದ್ದು 1997ರಲ್ಲಿ ಕೊಪ್ಪಳವಾಯಿತು. ಯಲಬುರ್ಗಾ ಇದ್ದ ತಾಲೂಕು ಈಚೆಗೆ ಕುಕನೂರು ಆಯಿತು. ಊರು ಮಾತ್ರ ಇದ್ದಲ್ಲಿಯೇ ಇತ್ತು. 1956ರಿಂದೀಚೆಗೆ ಪ್ರತಿಯೊಂದು ಸಲವೂ ಜನರು ಮುಂಚಿತವಾಗಿ ಸುದ್ದಿ ಕೇಳಿದರು, ಪತ್ರಿಕೆಗಳಲ್ಲಿ ಓದಿದರು, ಕಚೇರಿಯ ಮೇಲೆ ಹೊಸ ಹಲಗೆಯನ್ನು ಕಂಡರು, ತಕರಾರು ಇದ್ದವರು ಅರ್ಜಿ ಕೊಟ್ಟರು.

ಹಣದ ಸಂಗತಿಯನ್ನಾದರೂ ನೋಡಬಹುದು. ಆಕೆಯ ಬಾಲ್ಯದಲ್ಲಿ ಇಲ್ಲಿ ಹಾಲಿ ಸಿಕ್ಕಾ ರೂಪಾಯಿಯು ನಡೆಯುತ್ತಿತ್ತು. ಏಳು ಹಾಲಿಗೆ ಆರು ಕಲ್ದಾರ ಎಂಬ ಲೆಕ್ಕವು ಓದು ಬಾರದವರಿಗೂ ಬಾಯಿಪಾಠವಾಗಿತ್ತು. 1957ರ ಏಪ್ರಿಲ್ 1ರಂದು ದೇಶಕ್ಕೆಲ್ಲ ನೂರು ಪೈಸೆಯ ರೂಪಾಯಿಯು ಬಂದಿತು. ಹದಿನಾರಾಣೆಯ ಲೆಕ್ಕದಲ್ಲಿ ಬೆಳೆದ ಕೋಟಿಗಟ್ಟಲೆ ಜನರಿಗೆ ಅದು ಎಷ್ಟು ದೊಡ್ಡ ಬದಲಾವಣೆ! ಆದರೆ ಹೊಸ ನಾಣ್ಯವನ್ನು ಹಳೆಯದೆಂದು ಯಾರೂ ಭ್ರಮಿಸಬಾರದೆಂದು ಅದಕ್ಕೆ ‘ನಯಾ ಪೈಸೆ’ ಎಂದೇ ಹೆಸರಿಟ್ಟರು. 1964ರ ವರೆಗೆ ಆ ಹೆಸರು ನಡೆಯಿತು. ಹಳೆಯ ಆಣೆಗಳೂ ಕೆಲವು ವರ್ಷ ಜೊತೆಯಲ್ಲಿಯೇ ಚಲಾವಣೆಯಲ್ಲಿದ್ದವು. ಜನರು ತಮ್ಮ ಹೆಜ್ಜೆಯಲ್ಲಿ ನಡೆದು ಹೊಸದನ್ನು ತಲುಪಿದರು. ಇಪ್ಪತ್ತೈದು ಪೈಸೆಗೆ ‘ನಾಕಾಣೆ’ ಎಂಬ ಹೆಸರು ಆ ನಾಣ್ಯವು 2011ರಲ್ಲಿ ನಿಲ್ಲುವವರೆಗೂ ಅಳಿಯಲಿಲ್ಲ; ಅದರಿಂದ ದೇಶಕ್ಕೆ ಯಾವ ಹಾನಿಯೂ ಆಗಲಿಲ್ಲ.

ಈ ವಿವೇಕವನ್ನು ಮರೆತು ಪೆಟ್ಟು ತಿಂದವರೂ ಇದ್ದಾರೆ. 2018ರಲ್ಲಿ ಸ್ನ್ಯಾಪ್‌ಚಾಟ್ ತನ್ನ ರೂಪವನ್ನು ಬದಲಿಸಿದಾಗ ಹಳೆಯದನ್ನೇ ಕೊಡಿರೆಂದು ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರು ಮನವಿಗೆ ಸಹಿ ಹಾಕಿದರು. 2024ರ ಮೇ ತಿಂಗಳಲ್ಲಿ ಸೋನೋಸ್ ಎಂಬ ಅಮೆರಿಕೆಯ ಧ್ವನಿಯಂತ್ರಗಳ ಕಂಪನಿಯು ತನ್ನ ಆ್ಯಪನ್ನು ಪೂರ್ತಿ ಹೊಸದಾಗಿ ಕಟ್ಟಿತು. ಜನರು ನಿತ್ಯ ಬಳಸುತ್ತಿದ್ದ ಎಷ್ಟೋ ಅನುಕೂಲಗಳು ಅದರಲ್ಲಿ ಕಾಣೆಯಾದವು. ಕಣ್ಣು ಕಾಣದವರು ತಮಗೆ ಅದನ್ನು ನಡೆಸುವದೇ ಕಷ್ಟವಾಯಿತೆಂದು ದೂರಿದರು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. 2025ರ ಜನವರಿಯಲ್ಲಿ ಆ ಸ್ಥಾನವನ್ನೂ ಬಿಡಬೇಕಾಯಿತು. ದೂರುವವರು ಲಕ್ಷಗಟ್ಟಲೆ ಇದ್ದಾಗ ದೂರು ಕೇಳಿಸುತ್ತದೆ. ದೇವರ ಕೋಣೆಯಲ್ಲಿ ಕುಳಿತ ಒಬ್ಬ ಮುದುಕಿಯು ‘ಸಾಕಾತು’ ಎಂದದ್ದು ಪಡಸಾಲೆಯ ವರೆಗೂ ಕೇಳಿಸಲಿಲ್ಲ.

ಅದನ್ನು ಕೇಳಿಸಿಕೊಂಡವಳು ಸೊಸೆ. ಒಂದು ರಾತ್ರಿ ಊಟವಾದ ಮೇಲೆ ಆಕೆಯು ಗಂಡನಿಗೆ ಮೆಲ್ಲನೆ ಹೇಳಿದಳು: “ಅತ್ತಿಯವರಿಗೆ ಪ್ರವಚನ ಬ್ಯಾಸರಾಗಿಲ್ಲ. ತಮಗ ಅರಳುಮರಳಾಗೇತಿ ಅಂತ ತಿಳಕೊಂಡಾರ. ಎರಡು ದಿನದಿಂದ ಎಣ್ಣಿ ಡಬ್ಬಿ, ಉಪ್ಪಿನ ಡಬ್ಬಿ ಮುಟ್ಟಿ ಮುಟ್ಟಿ ಇದ ಹೌದೇನ ಅಂತ ನನ್ನ ಕೇಳತಾರ. ಅವರ ಕಣ್ಣ ಮಂಜಾದ ಮ್ಯಾಲೆ ನಾ ಈ ಮನ್ಯಾಗ ತಂಬಗಿ ಜಾಗಾ ಸುದ್ದಾ ಬದಲಿ ಮಾಡಿಲ್ಲ, ನಿಮಗ ಗೊತ್ತೈತೇನು?”

ಮಾಸ್ತರರಿಗೆ ಗೊತ್ತಿರಲಿಲ್ಲ. ಆರು ವರ್ಷಗಳಿಂದ ಆ ಮನೆಯಲ್ಲಿ ತಂಬಿಗೆ, ಎಣ್ಣೆಯ ಗಿಂಡಿ, ಕಡ್ಡಿಪೆಟ್ಟಿಗೆ, ವಿಭೂತಿಯ ಬಟ್ಟಲು ಎಲ್ಲವೂ ಒಂದೇ ಸ್ಥಳದಲ್ಲಿ ಉಳಿದದ್ದು ತಾನಾಗಿಯೇ ಆದುದೆಂದು ಅವರು ತಿಳಿದಿದ್ದರು. ಹಾಗೆ ಉಳಿಸುವದೂ ದಿನವೂ ಮಾಡಬೇಕಾದ ಒಂದು ಕೆಲಸವೆಂಬುದು ಅವರ ಎಣಿಕೆಯಲ್ಲಿಯೇ ಇರಲಿಲ್ಲ. ಲಕ್ಷ್ಯ ಕೊಟ್ಟು ಮುಟ್ಟೆಂದು ತಾಯಿಗೆ ಹೇಳಿದ ಮಾತು ನೆನಪಾಗಿ ಅವರಿಗೆ ಆ ರಾತ್ರಿ ಬೇಗನೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದವರು ತಾಯಿಯ ಹತ್ತಿರ ಕುಳಿತು ತಪ್ಪೊಪ್ಪಿಕೊಂಡರು. “ಅವ್ವಾ, ನೀ ಮುಟ್ಟಿದ್ದು ಖರೇನ ಮೂರನೇದು. ಅವರು ಅದನ್ನ ತಗದು ಬ್ಯಾರೆ ಕಡೆ ಇಟ್ಟಾರ. ನನಗೂ ಸಿಗಲಿಲ್ಲ. ನಾ ಸುಮ್ಮನ ನಿನ್ನ ಬೈದೆ.”

ಮುದುಕಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿನಗೂ ಸಿಗಲಿಲ್ಲೇನು?” ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಮುಖದ ಮೇಲಿನ ಮೋಡವು ಚದರಿತು. “ಹೇಳಿ ಇಡಬಾರದಾ ಅವರು?” ಎಂದಷ್ಟೇ ಅಂದರು.

ಅದೇ ವಾರ ಮಾಸ್ತರರು ಪೇಟೆಯ ಅಂಗಡಿಯಿಂದ ಅಂಗೈಯಗಲದ ಒಂದು ಸಣ್ಣ ಧ್ವನಿಪೆಟ್ಟಿಗೆಯನ್ನು ತಂದರು. ಮೊಮ್ಮಗನು ಪ್ರವಚನಗಳನ್ನು ಮೆಮರಿ ಕಾರ್ಡಿನಲ್ಲಿ ತುಂಬಿ ಕಳಿಸಿದನು. ಅದಕ್ಕೆ ಒತ್ತಿದರೆ ಒಳಗೆ ಹೋಗುವ ನಿಜವಾದ ಗುಂಡಿಗಳು ಐದು ಇದ್ದವು. ಯಾವದನ್ನು ಒತ್ತಬೇಕೆಂದು ತಿಳಿಯಲು ಸೊಸೆಯು ಅದರ ಮೇಲೆ ಒಂದು ಹುಣಸೆಯ ಬೀಜವನ್ನು ಗೋಂದಿನಿಂದ ಅಂಟಿಸಿದಳು. ಅದು ಎಣಿಸಿದರೆ ಎರಡನೆಯದಾಗುತ್ತಿತ್ತು. ಆದರೂ ಮುದುಕಿಯು ಅದನ್ನು ‘ಮೂರನೇದು’ ಎಂದೇ ಕರೆಯತೊಡಗಿದರು.

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದನು. ಅಲ್ಲಿಯ ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳುತ್ತದೆ. ಮುದುಕಿಯು ಚಿಕ್ಕಂದಿನಲ್ಲಿ ತಂದೆಯ ಕೈ ಹಿಡಿದು ಆ ಗುಡಿಗೆ ಹೋಗುತ್ತಿದ್ದರು. ಈ ವರ್ಷ ಮಗನು ಮತ್ತೊಮ್ಮೆ ಕರೆದುಕೊಂಡು ಹೋದನು. ಕಂಬಗಳ ಸಾಲನ್ನು ದಾಟುವಾಗ ಅವನು ಕೈ ಹಿಡಿಯಲು ಬಂದರೆ ಆಕೆ ಬೇಡವೆಂದರು. ಕಂಬದಿಂದ ಕಂಬಕ್ಕೆ ಕೈಯಾಡಿಸುತ್ತ ನಡೆದು, ಹೊಸ್ತಿಲನ್ನು ಕಾಲಬೆರಳಿನಿಂದ ಮುಟ್ಟಿ ನೋಡಿ, ಒಳಗೆ ಲಿಂಗವು ಇರುವ ದಿಕ್ಕಿಗೆ ಸರಿಯಾಗಿ ತಿರುಗಿ ಕೈ ಮುಗಿದರು. ಎಪ್ಪತ್ತು ವರ್ಷಗಳ ಹಿಂದೆ ಇದ್ದಲ್ಲಿಯೇ ಎಲ್ಲವೂ ಇತ್ತು.