ಅಪ್ಪನ ಡ್ರಾಫ್ಟು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಹಬ್ಬ. ಪೋಸ್ಟ್‌ಮ್ಯಾನ್ ಕುವೈತಿನ ಲಕೋಟೆ ತರುವ ದಿನ ಅದು. ಒಳಗೆ ಅಪ್ಪನ ಕಾಗದ, ಜೊತೆಗೊಂದು ಬ್ಯಾಂಕ್ ಡ್ರಾಫ್ಟು. ಅಮ್ಮ ಮೊದಲು ಕಾಗದ ಓದುತ್ತಿದ್ದಳು, ಆಮೇಲೆ ಡ್ರಾಫ್ಟು ನೋಡುತ್ತಿದ್ದಳು.

ಮೊದಲ ವರ್ಷದ ದುಡ್ಡೆಲ್ಲ ಸಾಲಕ್ಕೇ ಹೋಯಿತು. ವೀಸಾ, ಟಿಕೆಟ್ಟು ಎಂದು ಏಜೆಂಟನಿಗೆ ಕೊಡಲು ಅಮ್ಮನ ಬಳೆ ಅಡವಿಟ್ಟಿದ್ದೆವು. ಬಳೆ ಬಿಡಿಸಿಕೊಂಡ ಮೇಲೆ ಹುಲ್ಲಿನ ಮಾಡು ಹೋಗಿ ಹಂಚು ಬಂತು. ಅಕ್ಕ ಕಾಲೇಜು ಸೇರಿದಳು. ಉಡುಪಿ ಕಡೆಯ ನಮ್ಮೂರಿನಲ್ಲಿ ಇಂಥ ಮನೆ ಹತ್ತಾರಿದ್ದವು. ಮೇಸ್ತ್ರಿಗೆ, ಬಡಗಿಗೆ ಕೈತುಂಬ ಕೆಲಸ. ದಿನಸಿ ಅಂಗಡಿಯಲ್ಲಿ ಒಳ್ಳೆಯ ವ್ಯಾಪಾರ.

ಆದರೆ ಗದ್ದೆಗೆ ಆಳಿಲ್ಲ. ಉಳುವ ಗಂಡಸರೆಲ್ಲ ಮುಂಬಯಿಯ ಹೋಟೆಲಿಗೋ ಗಲ್ಫಿಗೋ ಹೋಗಿದ್ದರು. ಎರಡು ವರ್ಷ ಒದ್ದಾಡಿದ ಅಮ್ಮ, ಮೇಲಿನ ಗದ್ದೆಯನ್ನು ಹಡಿಲು ಬಿಟ್ಟಳು. ಉಣ್ಣುವ ಅಕ್ಕಿಯನ್ನೂ ಅಂಗಡಿಯಿಂದ ತರುವ ಹಾಗಾಯಿತು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಾನಾಗ ಐದನೇ ಕ್ಲಾಸು. ಕಾಗದವೂ ಇಲ್ಲ, ಡ್ರಾಫ್ಟೂ ಇಲ್ಲ. ಅಂಗಡಿಯ ಸಾಲದ ಪುಸ್ತಕ ತುಂಬುತ್ತಾ ಹೋಯಿತು. ಕೊನೆಗೊಂದು ದಿನ ಅಪ್ಪ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದರು. ಆಗ ಮರಳಿದ ಭಾರತೀಯರು ಸುಮಾರು 1.7 ಲಕ್ಷ. ಅಪ್ಪನ ಕೈಯಲ್ಲಿದ್ದದ್ದು ಒಂದೇ ಚೀಲ.

"ಅವರ ಹತ್ತಿರ ಎಣ್ಣೆ ಉಂಟಲ್ಲ, ನಿಮ್ಮನ್ನೆಲ್ಲ ಯಾಕೆ ಕರೆಯುವುದು?" ಎಂದು ಕೇಳಿದ್ದೆ.

"ಎಣ್ಣೆ ತಾನಾಗಿ ಬಾವಿಯಿಂದ ಮೇಲೆ ಬರುತ್ತದಾ ಮಗಾ? ರೊಟ್ಟಿ ಸುಡುವವರು, ಬಸ್ಸು ಓಡಿಸುವವರು, ಆಸ್ಪತ್ರೆಯ ನರ್ಸುಗಳು ಎಲ್ಲ ಹೊರಗಿನವರೇ. ನಾವು ಹೊರಟರೆ ಆ ಊರೂ ನಿಲ್ಲುತ್ತದೆ" ಎಂದರು. ಇಂದಿಗೂ ಕುವೈತಿನಲ್ಲಿರುವ ಮೂವರಲ್ಲಿ ಸುಮಾರು ಇಬ್ಬರು ಹೊರದೇಶದವರು.

ಎರಡು ವರ್ಷ ಬಿಟ್ಟು ಅಪ್ಪ ಮತ್ತೆ ಹೋದರು. ಈ ಸಲ ಅಮ್ಮ ಬುದ್ಧಿ ಕಲಿತಿದ್ದಳು. ಬಾವಿಗೆ ಪಂಪು ಹಾಕಿಸಿದಳು, ತಿಂಗಳು ತಿಂಗಳು ಅಂಚೆ ಕಚೇರಿಯಲ್ಲಿ ಒಂದಿಷ್ಟು ಕಟ್ಟಿದಳು.

ಹೊರದೇಶದಲ್ಲಿ ದುಡಿಯುವವರು 2022ರಲ್ಲಿ ಭಾರತಕ್ಕೆ ಕಳುಹಿಸಿದ ಹಣ 10,000 ಕೋಟಿ ಡಾಲರನ್ನೂ ಮೀರಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಅಮ್ಮನ ಬಳೆ ಮತ್ತು ಆ ಹಡಿಲು ಗದ್ದೆ.

ಕಳೆದ ಮಳೆಗಾಲದಲ್ಲಿ ಆ ಗದ್ದೆಯಲ್ಲಿ ಮತ್ತೆ ನಾಟಿಯಾಯಿತು. ನೆಟ್ಟವರು ಪಶ್ಚಿಮ ಬಂಗಾಳದ ಹುಡುಗರು. ಸಂಜೆ ಒಬ್ಬ ನಮ್ಮ ಜಗಲಿಯಲ್ಲಿ ಕೂತು ಕೂಲಿಯ ಹಣವನ್ನು ಫೋನಿನಲ್ಲೇ ಮನೆಗೆ ಕಳುಹಿಸಿದ. ನನ್ನ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಮಗಳಿದ್ದಾಳಂತೆ, ಐದನೇ ಕ್ಲಾಸಂತೆ.

ಚಹಾ ಲೋಟ ಮುಂದಿಡುತ್ತಾ ಅಮ್ಮ ನನಗೆ ಹೇಳಿದಳು: "ದುಡ್ಡು ಹೋಯಿತಲ್ಲ, ಇನ್ನು ಮಗಳ ಹತ್ತಿರ ಮಾತಾಡಲಿಕ್ಕೆ ಹೇಳು ಅವನಿಗೆ."